ಶಾಲೆಯ ತಾರಸಿಯಲ್ಲಿ ಸೌರ ವಿದ್ಯುತ್: ತೆರಿಗೆ ಲಾಭ ಯಾರಿಗೆ, ಎಷ್ಟು, ಹೇಗೆ?

ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ತಾರಸಿಯ ಮೇಲೆ ಸೋಲಾರ್ ಹಾಕಿಸಿದರೆ ತೆರಿಗೆಯಲ್ಲಿ ಶೇ. 40 ಸಿಗುತ್ತದಂತೆ, ಅದನ್ನು ಪಡೆಯುವುದು ಹೇಗೆ? ಸೋಲಾರ್ ಕಂಪನಿಗಳ ಪ್ರತಿನಿಧಿಗಳು ತರುವ ಕರಪತ್ರಗಳಲ್ಲಿ ಈ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅದು ಸರ್ಕಾರ ಮರಳಿ ಕೊಡುವ ಹಣವಲ್ಲ. ತೆರಿಗೆ ಕಟ್ಟುವ ಉದ್ಯಮವೊಂದು ಸೌರ ಫಲಕಗಳ ಬೆಲೆಯಲ್ಲಿ ವರ್ಷಕ್ಕೆ ಇಷ್ಟು ಭಾಗವನ್ನು ಸವಕಳಿ ಎಂದು ತನ್ನ ಲಾಭದಿಂದ ಕಳೆಯಬಹುದು ಎಂಬ ದರ. ಟ್ರಸ್ಟ್ ಅಥವಾ ಸೊಸೈಟಿ ನಡೆಸುವ ಶಾಲೆಯ ಆದಾಯಕ್ಕೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲದಿರುವುದರಿಂದ ಈ ದರದಿಂದ ಅದಕ್ಕೆ ನೇರವಾಗಿ ಸಿಗುವುದು ಏನೂ ಇಲ್ಲ. ಹಾಗೆಂದು ಲಾಭವೇ ಇಲ್ಲವೆಂದು ಕೈಬಿಡಬೇಕಾಗಿಯೂ ಇಲ್ಲ. ಜಿಎಸ್‌ಟಿ ದರದಲ್ಲಿ, ಟ್ರಸ್ಟಿನ ಆದಾಯ ವಿನಿಯೋಗದ ಲೆಕ್ಕದಲ್ಲಿ, ದಾನಿಗಳಿಗೆ ಸಿಗುವ ಕಡಿತದಲ್ಲಿ ಮತ್ತು ವಿದ್ಯುತ್ ಮಾರುವ ಕಂಪನಿಯೊಂದಿಗೆ ಮಾಡುವ ಚೌಕಾಸಿಯಲ್ಲಿ ಅದು ಹಂಚಿಹೋಗಿದೆ. ಫಲಕಗಳ ಮಾಲೀಕತ್ವ ಯಾರದು, ಆ ಮಾಲೀಕ ತೆರಿಗೆ ಕಟ್ಟುವವನೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲೆ ಉಳಿದದ್ದೆಲ್ಲ ಕ್ರಮವಾಗಿ ಬಿಡಿಸಿಕೊಳ್ಳುತ್ತದೆ. ಈ ಲೇಖನ ಕರ್ನಾಟಕದ ಅನುದಾನಿತ ಮತ್ತು ಅನುದಾನರಹಿತ ಖಾಸಗಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸರ್ಕಾರಿ ಶಾಲೆಗಳ ಪ್ರಶ್ನೆ ಬೇರೆಯದು. ಅಲ್ಲಿ ಆದಾಯ ತೆರಿಗೆಯ ಮಾತಿಲ್ಲ, ವಿದ್ಯುತ್ ಬಿಲ್ಲನ್ನೂ ರಾಜ್ಯ ಸರ್ಕಾರವೇ ಭರಿಸುವುದಾಗಿ ಘೋಷಿಸಿದೆ.

ಓದುವ ಮೊದಲು ಒಂದು ಸೂಚನೆ. ಆದಾಯ ತೆರಿಗೆ ಕಾಯ್ದೆ, 2025 ಎಂಬುದು 2026ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, 1961ರ ಕಾಯ್ದೆಯ ಸೆಕ್ಷನ್ ಸಂಖ್ಯೆಗಳೂ ಫಾರಂ ಸಂಖ್ಯೆಗಳೂ ಬದಲಾಗಿವೆ. ಧಾರ್ಮಿಕ ಮತ್ತು ದತ್ತಿ ಟ್ರಸ್ಟುಗಳನ್ನು ಹೊಸ ಕಾಯ್ದೆ ‘ನೋಂದಾಯಿತ ಲಾಭರಹಿತ ಸಂಸ್ಥೆ’ ಎಂದು ಕರೆದು, ಅವುಗಳ ನಿಯಮಗಳನ್ನು 332ರಿಂದ 355ರವರೆಗಿನ ಸೆಕ್ಷನ್‌ಗಳಲ್ಲಿ ಒಟ್ಟುಗೂಡಿಸಿದೆ. ನಿಮ್ಮ ನೋಂದಣಿ ಪತ್ರ, ಹಳೆಯ ಆಡಿಟ್ ವರದಿ, ಆಡಿಟರ್ ಬಾಯಲ್ಲಿ ಬರುವ ಮಾತು ಎಲ್ಲವೂ ಇನ್ನೂ ಹಳೆಯ ಸಂಖ್ಯೆಗಳಲ್ಲೇ ಇರುವುದರಿಂದ ಇಲ್ಲಿಯೂ ಅವನ್ನೇ ಬಳಸಿದ್ದೇನೆ.

ಮೊದಲು ಮೇಜಿನ ಮೇಲಿರಬೇಕಾದ ಕಾಗದಗಳು: ಟ್ರಸ್ಟ್ ಡೀಡ್ ಅಥವಾ ಸೊಸೈಟಿಯ ಬೈಲಾ, 12ಎಬಿ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ) ನೋಂದಣಿ ಪತ್ರ, 80ಜಿ (ದಾನಿಗಳಿಗೆ ತೆರಿಗೆ ಕಡಿತ ಕೊಡಿಸುವ) ಅನುಮೋದನೆ ಇದ್ದರೆ ಅದರ ಪ್ರತಿ, ಪ್ಯಾನ್ ಮತ್ತು ಟ್ಯಾನ್ (ಮೂಲದಲ್ಲಿ ತೆರಿಗೆ ಹಿಡಿಯುವವರ ಖಾತೆ ಸಂಖ್ಯೆ), ಹಿಂದಿನ ಮೂರು ವರ್ಷಗಳ ಆಡಿಟ್ ವರದಿ, ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳು, ಮತ್ತು ಕಟ್ಟಡ ಯಾರ ಹೆಸರಿನಲ್ಲಿದೆ ಎಂಬುದನ್ನು ತೋರಿಸುವ ದಾಖಲೆ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಆದರೆ ಮುಂದೆ ಬರುವ ತೊಡಕುಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟುತ್ತವೆ.

1. ನಿಮ್ಮ ಶಾಲೆ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ತೆರಿಗೆಯ ದೃಷ್ಟಿಯಿಂದ ಶಾಲೆಗಳು ಮುಖ್ಯವಾಗಿ ಮೂರು ಬಗೆಯವು.

ಒಂದನೆಯದು ಚಿಕ್ಕ ಶಾಲೆಗಳು. ಶಿಕ್ಷಣವೊಂದನ್ನೇ ಉದ್ದೇಶವಾಗಿಟ್ಟುಕೊಂಡ, ಲಾಭದ ಆಸೆಯಿಲ್ಲದ ಸಂಸ್ಥೆಯ ಒಟ್ಟು ವಾರ್ಷಿಕ ಸ್ವೀಕೃತಿ 5 ಕೋಟಿ ರೂ. ಮೀರದಿದ್ದರೆ ಹಳೆಯ 10(23ಸಿ) ಸೆಕ್ಷನ್ನಿನ ಅಡಿಯಲ್ಲಿ ಅದರ ಆದಾಯಕ್ಕೆ ನೇರ ವಿನಾಯಿತಿ ಇತ್ತು, ಯಾರ ಅನುಮೋದನೆಯೂ ಬೇಕಾಗಿರಲಿಲ್ಲ. ಇಷ್ಟು ಭಾಗ ಖರ್ಚು ಮಾಡಲೇಬೇಕೆಂಬ ಷರತ್ತೂ ಇರಲಿಲ್ಲ. ಇಲ್ಲಿ ಗಮನಿಸಬೇಕಾದ್ದೆಂದರೆ, ಒಂದೇ ಸೊಸೈಟಿ ನಾಲ್ಕು ಶಾಲೆ ನಡೆಸುತ್ತಿದ್ದರೆ ನಾಲ್ಕರ ಸ್ವೀಕೃತಿಯನ್ನೂ ಕೂಡಿಸಿ 5 ಕೋಟಿಯ ಮಿತಿಗೆ ಹೋಲಿಸಬೇಕು.

ಎರಡನೆಯದು 12ಎಬಿ ಅಡಿಯಲ್ಲಿ ನೋಂದಾಯಿತವಾದ ಟ್ರಸ್ಟ್ ಅಥವಾ ಸೊಸೈಟಿ. ನಗರಗಳ ಬಹುತೇಕ ದೊಡ್ಡ ಶಾಲೆಗಳು ಇದೇ ಗುಂಪಿನವು. ಆದಾಯದ ಕನಿಷ್ಠ ಶೇ. 85ನ್ನು ಅದೇ ವರ್ಷ ಉದ್ದೇಶಕ್ಕಾಗಿ ವಿನಿಯೋಗಿಸಬೇಕು ಎಂಬುದು ಇಲ್ಲಿನ ಮೂಲ ನಿಯಮ. ಮೂರನೆಯದು ತೆರಿಗೆ ಕಟ್ಟುವ ಸಂಸ್ಥೆಗಳು: ವೈಯಕ್ತಿಕ ಮಾಲೀಕತ್ವದ ಪ್ಲೇ ಹೋಮ್, ಕೋಚಿಂಗ್ ಕೇಂದ್ರ, ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವ ತರಬೇತಿ ಸಂಸ್ಥೆ ಇತ್ಯಾದಿ. ಶೇ. 40ರ ಸವಕಳಿ ನಿಜವಾಗಿ ಕೆಲಸಕ್ಕೆ ಬರುವುದು ಇವುಗಳಿಗೆ ಮಾತ್ರ.

2. ಸಹಾಯಧನದ ಭ್ರಮೆಯನ್ನು ಮೊದಲೇ ಬಿಟ್ಟುಬಿಡಿ

2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ’ಯ ಸಹಾಯಧನ ವಾಸದ ಮನೆಗಳಿಗೆ ಸಂಬಂಧಿಸಿದ್ದು. ಮೂರು ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ ಒಟ್ಟು 78,000 ರೂ. ಸಿಗುವುದು ಮನೆಯವರಿಗೆ, ಶಾಲೆಯ ಸಂಪರ್ಕಕ್ಕೆ ಅದು ಅನ್ವಯಿಸುವುದಿಲ್ಲ. ಇದಕ್ಕೂ ಹಿಂದಿನ ಕೇಂದ್ರದ ತಾರಸಿ ಸೌರ ಯೋಜನೆಯ ಮೊದಲ ಹಂತದಲ್ಲಿ ಶಾಲೆ, ಆಸ್ಪತ್ರೆಗಳಂಥ ಸಂಸ್ಥೆಗಳಿಗೂ ಶೇ. 30ರ ನೆರವು ಇತ್ತು. 2019ರ ಎರಡನೆಯ ಹಂತದಿಂದ ಅದು ಮನೆಗಳಿಗಷ್ಟೇ ಸೀಮಿತವಾಯಿತು. ಹಳೆಯ ಮಾಹಿತಿ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ಶಾಲೆಗೂ ಸಬ್ಸಿಡಿ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಅದನ್ನು ಕೊಟೇಷನ್‌ನಲ್ಲಿ ಬರೆದುಕೊಡುವಂತೆ ಕೇಳಿ. ಹೆಚ್ಚಿನ ಸಂದರ್ಭಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಟ್ರಸ್ಟಿಯೊಬ್ಬರ ಮನೆಯ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಬಳಸಿ ಶಾಲೆಯ ತಾರಸಿಗೆ ಸಹಾಯಧನ ಪಡೆಯುವ ಸಲಹೆಯೂ ಕೆಲವೆಡೆ ಬರುತ್ತದೆ. ಅದು ವಂಚನೆ, ಬೇರೆ ಹೆಸರಿಲ್ಲ.

3. ಬಿಲ್ಲು ಓದಿ ಸಾಮರ್ಥ್ಯ ನಿಗದಿ ಮಾಡಿ

ಕರ್ನಾಟಕದ ಬಿಸಿಲಿಗೆ ಒಂದು ಕಿಲೋವ್ಯಾಟ್ ಸಾಮರ್ಥ್ಯದ ಫಲಕಗಳು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್‌ನಂತೆ, ವರ್ಷಕ್ಕೆ ಸುಮಾರು 1,400 ಯೂನಿಟ್ ಉತ್ಪಾದಿಸುತ್ತವೆ. ಇದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ತಾರಸಿ ಬೇಕು. ಅಲ್ಲಿಗೆ 30 ಕಿಲೋವ್ಯಾಟ್ ಘಟಕಕ್ಕೆ 3,000 ಚದರ ಅಡಿ ಜಾಗ, ಉತ್ಪಾದನೆ ವರ್ಷಕ್ಕೆ 42,000 ಯೂನಿಟ್‌ನ ಆಸುಪಾಸು.

ಶಾಲೆಯ ವಿಶೇಷವೆಂದರೆ ರಜೆ. ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಕನಿಷ್ಠ ಕೆಲಸದ ದಿನಗಳು ಐದನೇ ತರಗತಿಯವರೆಗೆ 200, ಆರರಿಂದ ಎಂಟರವರೆಗೆ 220. ಫಲಕಗಳಿಗೆ ಭಾನುವಾರವೂ ಇಲ್ಲ, ದಸರಾ ರಜೆಯೂ ಇಲ್ಲ. ಅದರಲ್ಲೂ ಉತ್ಪಾದನೆ ಚೆನ್ನಾಗಿರುವ ಏಪ್ರಿಲ್–ಮೇ ತಿಂಗಳಲ್ಲೇ ತರಗತಿಗಳು ಖಾಲಿ ಇರುತ್ತವೆ. ಆ ದಿನಗಳ ವಿದ್ಯುತ್ ನೆಟ್ ಮೀಟರಿಂಗ್ ಮೂಲಕ ಎಸ್ಕಾಂಗೆ, ಅಂದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮುಂತಾದ ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಗೆ ಹೋಗುತ್ತದೆ. ನೆಟ್ ಮೀಟರಿಂಗ್ ಎಂದರೆ ನೀವು ಕೊಟ್ಟ ಯೂನಿಟ್ಟನ್ನೂ ತೆಗೆದುಕೊಂಡ ಯೂನಿಟ್ಟನ್ನೂ ಒಂದೇ ಮೀಟರಿನಲ್ಲಿ ದಾಖಲಿಸಿ, ವ್ಯತ್ಯಾಸಕ್ಕೆ ಮಾತ್ರ ಬಿಲ್ಲು ಮಾಡುವ ವ್ಯವಸ್ಥೆ. ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ ನೀವು ಕೊಡುವ ದರಕ್ಕಿಂತ ಕಡಿಮೆ. ಆದ್ದರಿಂದ ತಾರಸಿ ತುಂಬುವಷ್ಟು ಫಲಕ ಹಾಕುವ ಬದಲು ಸ್ವಂತ ಬಳಕೆಗೆ ಹೊಂದುವಷ್ಟೇ ಹಾಕುವುದು ಲೇಸು.

ಇದಕ್ಕೆ ತೆರಿಗೆಯ ಕಾರಣವೂ ಇದೆ. 2022ರ ಅಕ್ಟೋಬರ್‌ನಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣ ಸಂಸ್ಥೆಯೆಂದು ವಿನಾಯಿತಿ ಪಡೆಯಲು ಶಿಕ್ಷಣವೇ ಏಕೈಕ ಉದ್ದೇಶವಾಗಿರಬೇಕು, ವ್ಯವಹಾರವೇನಾದರೂ ಇದ್ದರೆ ಅದು ಶಿಕ್ಷಣಕ್ಕೆ ಪೂರಕವಾಗಿರಬೇಕು ಎಂದು ಹೇಳಿದೆ. ಶಾಲೆಯ ಬಳಕೆ ಮುಗಿದು ಉಳಿದ ವಿದ್ಯುತ್ತಿನ ಹಣದ ಬಗ್ಗೆ ಹೆದರಬೇಕಾಗಿಲ್ಲ. ಆದರೆ ಬಳಕೆಗಿಂತ ಹಲವು ಪಟ್ಟು ದೊಡ್ಡ ಘಟಕ ಕಟ್ಟಿ ವಿದ್ಯುತ್ ಮಾರುವುದು ಅಧಿಕಾರಿಯ ಕಣ್ಣಿಗೆ ಬೇರೆ ರೀತಿ ಕಂಡೀತು. ಎಸ್ಕಾಂನಿಂದ ಹಣ ಬರುತ್ತಿದ್ದರೆ ಅದನ್ನು ಪ್ರತ್ಯೇಕ ಲೆಕ್ಕದ ತಲೆಬರಹದಲ್ಲಿ ತೋರಿಸಿ.

ಬಿಲ್ಲಿನಲ್ಲಿ ಇನ್ನೆರಡು ಸಾಲುಗಳನ್ನು ನೋಡಿ. ರಾಜ್ಯದ ವಿದ್ಯುತ್ ತೆರಿಗೆ, ಅಂದರೆ ವಿದ್ಯುತ್ ಶುಲ್ಕದ ಮೇಲಿನ ಶೇ. 9, ಶುಲ್ಕ ಇಳಿದಂತೆ ತಾನೂ ಇಳಿಯುತ್ತದೆ. ಇದು ಅರ್ಜಿ ಹಾಕದೆ ಸಿಗುವ ಉಳಿತಾಯ. ಆದರೆ ಮಂಜೂರಾದ ಲೋಡ್‌ಗೆ ತಕ್ಕಂತೆ ಬೀಳುವ ನಿಗದಿತ ಶುಲ್ಕ ಸೌರ ಘಟಕದಿಂದ ಕಡಿಮೆಯಾಗುವುದಿಲ್ಲ. ಬಿಲ್ಲು ಸೊನ್ನೆಯಾಗುತ್ತದೆ ಎಂಬ ಲೆಕ್ಕ ತೋರಿಸುವವರು ಈ ಸಾಲನ್ನು ಬಿಟ್ಟಿರುತ್ತಾರೆ.

4. ಸ್ವಂತ ಘಟಕವೋ, ರೆಸ್ಕೋ ಒಪ್ಪಂದವೋ?

ರೆಸ್ಕೋ ಎಂದರೆ ಕಂಪನಿಯೊಂದು ತನ್ನ ಹಣದಲ್ಲಿ ನಿಮ್ಮ ತಾರಸಿಯ ಮೇಲೆ ಫಲಕ ಹಾಕಿ, ಉತ್ಪಾದನೆಯಾದ ವಿದ್ಯುತ್ತನ್ನು ಯೂನಿಟ್‌ಗೆ ಇಷ್ಟು ಎಂದು ನಿಮಗೇ ಮಾರುವ ವ್ಯವಸ್ಥೆ. ಒಪ್ಪಂದ ಸಾಮಾನ್ಯವಾಗಿ 15ರಿಂದ 25 ವರ್ಷಗಳದ್ದು. ಇಲ್ಲಿ ಮಾಲೀಕ ಕಂಪನಿ, ಅದು ತೆರಿಗೆ ಕಟ್ಟುವ ಸಂಸ್ಥೆ, ಆದ್ದರಿಂದ ಶೇ. 40ರ ಸವಕಳಿ ಅದಕ್ಕೆ ಸಿಗುತ್ತದೆ. ಶಾಲೆಗೆ ಆ ಲಾಭ ತಲುಪುವ ದಾರಿ ಒಂದೇ: ಯೂನಿಟ್ ದರ. ಕಂಪನಿಯವರು ಮೊದಲು ಹೇಳುವ ದರದಲ್ಲಿ ಈ ಲಾಭದ ಪಾಲು ನಿಮಗೆ ಬಂದಿರುವುದಿಲ್ಲ ಎಂದೇ ಇಟ್ಟುಕೊಂಡು ಮಾತಿಗೆ ಕೂರಿ. ವಿದ್ಯುತ್ತಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಯೂನಿಟ್ ದರದ ಮೇಲೆ ಮತ್ತೆ ಜಿಎಸ್‌ಟಿ ಸೇರಿಸಿದ ಬಿಲ್ಲು ಬಂದರೆ ಒಪ್ಪಬೇಡಿ.

ಒಪ್ಪಂದದಲ್ಲಿ ಓದಲೇಬೇಕಾದ ಷರತ್ತುಗಳು ಕೆಲವಿವೆ. ಯೂನಿಟ್ ದರ ಪ್ರತಿವರ್ಷ ಶೇಕಡಾ ಇಷ್ಟರಂತೆ ಏರುತ್ತದೆ ಎಂಬ ಸಾಲಿದ್ದರೆ ಹದಿನೈದನೆಯ ವರ್ಷದ ದರವನ್ನು ನೀವೇ ಲೆಕ್ಕಹಾಕಿ ನೋಡಿ. ರಜೆಯ ದಿನಗಳಲ್ಲಿ ನೀವು ಬಳಸದ ವಿದ್ಯುತ್ತಿಗೂ ಹಣ ಕೊಡಬೇಕೇ, ತಾರಸಿ ಸೋರಿ ದುರಸ್ತಿಗೆ ಫಲಕ ಇಳಿಸಬೇಕಾದರೆ ಖರ್ಚು ಯಾರದು, ಅವಧಿಗೆ ಮುನ್ನ ಘಟಕವನ್ನು ಕೊಂಡುಕೊಳ್ಳುವ ಬೆಲೆ ಎಷ್ಟು ಎಂಬುವು ಲಿಖಿತವಾಗಿರಲಿ. ಮಲೆನಾಡಿನ ಶಾಲೆಗಳಿಗೆ ತಾರಸಿಯ ಷರತ್ತು ಉಳಿದೆಲ್ಲಕ್ಕಿಂತ ದೊಡ್ಡದು.

ಈಗ ಕಟ್ಟಡದ ಮಾತು. ನಮ್ಮಲ್ಲಿ ಬಹಳಷ್ಟು ಶಾಲೆಗಳ ಜಾಗ ಮತ್ತು ಕಟ್ಟಡ ಸ್ಥಾಪಕರ ಕುಟುಂಬದ ಹೆಸರಿನಲ್ಲಿದ್ದು, ಟ್ರಸ್ಟ್ ಅವರಿಗೆ ಬಾಡಿಗೆ ಕೊಡುತ್ತಿರುತ್ತದೆ. ಹೀಗಿರುವಲ್ಲಿ, ಕುಟುಂಬದವರೇ ಒಂದು ಸಂಸ್ಥೆ ಮಾಡಿ ಫಲಕ ಹಾಕಿ, ಸವಕಳಿ ತಾವು ಪಡೆದು, ವಿದ್ಯುತ್ತನ್ನು ಟ್ರಸ್ಟಿಗೆ ಮಾರಲಿ ಎಂಬ ಸಲಹೆ ಬರುವುದುಂಟು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಟ್ರಸ್ಟಿಗಳಿಗೆ, ಅವರ ಸಂಬಂಧಿಗಳಿಗೆ, ಅವರ ಹಿತಾಸಕ್ತಿಯಿರುವ ಸಂಸ್ಥೆಗಳಿಗೆ ಟ್ರಸ್ಟಿನಿಂದ ಅನುಚಿತ ಲಾಭ ಹೋಗಬಾರದು ಎಂಬುದು ಹಳೆಯ 13ನೇ ಸೆಕ್ಷನ್ನಿನ ಸಾರ. ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಟ್ಟದ್ದು ಸಾಬೀತಾದರೆ ಆ ಮೊತ್ತಕ್ಕೆ ಶೇ. 30ರ ದರದಲ್ಲಿ ತೆರಿಗೆ ಬೀಳಬಹುದು. ಇಂಥ ವ್ಯವಸ್ಥೆಯನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮಾಡಲೇಬೇಕೆಂದಿದ್ದರೆ ಹೊರಗಿನ ಕನಿಷ್ಠ ಮೂರು ಕಂಪನಿಗಳ ದರಪಟ್ಟಿ ತರಿಸಿ, ಸಂಬಂಧಿಸಿದ ಟ್ರಸ್ಟಿ ಭಾಗವಹಿಸದ ಸಭೆಯಲ್ಲಿ ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.

5. ಕೊಟೇಷನ್‌ನಲ್ಲಿ ಜಿಎಸ್‌ಟಿ ಸಾಲನ್ನು ಪರೀಕ್ಷಿಸಿ

2025ರ ಸೆಪ್ಟೆಂಬರ್ 22ರಿಂದ ಸೌರ ವಿದ್ಯುತ್ ಉಪಕರಣಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಉಪಕರಣ ಮತ್ತು ಅಳವಡಿಕೆ ಸೇರಿದ ಒಟ್ಟು ಗುತ್ತಿಗೆಯಲ್ಲಿ ಮೊತ್ತದ ಶೇ. 70ನ್ನು ಸಾಮಗ್ರಿ ಎಂದೂ ಶೇ. 30ನ್ನು ಸೇವೆ ಎಂದೂ ಭಾವಿಸಿ, ಸಾಮಗ್ರಿಗೆ ಶೇ. 5, ಸೇವೆಗೆ ಶೇ. 18 ಹಾಕಲಾಗುತ್ತದೆ. ಒಟ್ಟಿಗೆ ಶೇ. 8.9 ಆಗುತ್ತದೆ, ಹಿಂದೆ ಇದೇ ಲೆಕ್ಕದಲ್ಲಿ ಶೇ. 13.8 ಇತ್ತು. ತೆರಿಗೆ ಬಿಟ್ಟು 15 ಲಕ್ಷ ರೂ. ಗುತ್ತಿಗೆ ಎಂದಿಟ್ಟುಕೊಂಡರೆ ಈಗಿನ ಜಿಎಸ್‌ಟಿ 1,33,500 ರೂ., ಹಿಂದಿನದು 2,07,000 ರೂ. ಆಗುತ್ತಿತ್ತು. ಹಳೆಯ ದರ ತೋರಿಸುವ ಕೊಟೇಷನ್ ಬಂದರೆ 73,500 ರೂ. ಸುಮ್ಮನೆ ಕೈಬಿಟ್ಟು ಹೋಗುತ್ತದೆ ಎಂದರ್ಥ.

ಶಾಲೆ ವಿದ್ಯಾರ್ಥಿಗಳಿಗೆ ನೀಡುವ ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಕೊಟ್ಟ ಜಿಎಸ್‌ಟಿಯನ್ನು ಮರಳಿ ಪಡೆಯುವ ಅವಕಾಶ, ಅಂದರೆ ಹೂಡುವಳಿ ತೆರಿಗೆ ಜಮೆ, ನಿಮಗಿಲ್ಲ. ಅದು ಪೂರ್ತಿ ನಿಮ್ಮ ವೆಚ್ಚವೇ. ಜಿಎಸ್‌ಟಿ ಬಿಟ್ಟು ಬೆಲೆ ಹೇಳುವ ಕೊಟೇಷನ್ನನ್ನೂ ಸೇರಿಸಿ ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ತಪ್ಪು ಆಡಳಿತ ಮಂಡಳಿಯ ಸಭೆಗಳಲ್ಲಿ ಸಾಮಾನ್ಯ. ಇಡೀ ಮೊತ್ತಕ್ಕೂ ಶೇ. 5 ಮಾತ್ರ ಹಾಕುತ್ತೇನೆ ಎನ್ನುವ ಗುತ್ತಿಗೆದಾರನ ಔದಾರ್ಯವನ್ನೂ ಎಚ್ಚರದಿಂದ ನೋಡಿ. ಮುಂದೆ ಇಲಾಖೆ ಅವನನ್ನು ಕೇಳಿದಾಗ ಅವನು ನಿಮ್ಮ ಬಾಗಿಲಿಗೆ ಬರುತ್ತಾನೆ. ಬ್ಯಾಟರಿಗೆ ಬೇರೆ ದರ ಇರುವುದರಿಂದ ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಲು ಹೇಳಿ.

6. ಟ್ರಸ್ಟಿನ ಲೆಕ್ಕದಲ್ಲಿ ವಿನಿಯೋಗವಾಗಿ ತೋರಿಸಿ

ಎರಡನೆಯ ಗುಂಪಿನ ಶಾಲೆಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಆದಾಯದ ಶೇ. 85ನ್ನು ವಿನಿಯೋಗಿಸಬೇಕು ಎಂದಾಗ ಸಂಬಳ, ಪುಸ್ತಕದಂಥ ದೈನಂದಿನ ಖರ್ಚಷ್ಟೇ ಅಲ್ಲ, ಶಾಲೆಗಾಗಿ ಕೊಂಡ ಆಸ್ತಿಯ ಬೆಲೆಯೂ ವಿನಿಯೋಗವೇ. ಸೌರ ಘಟಕದ ಪೂರ್ತಿ ಬೆಲೆ, ಜಿಎಸ್‌ಟಿ ಸಹಿತ, ಹಣ ಪಾವತಿಸಿದ ವರ್ಷದ ವಿನಿಯೋಗವಾಗಿ ಲೆಕ್ಕಕ್ಕೆ ಬರುತ್ತದೆ.

ಅಂಕಿಗಳಲ್ಲಿ ನೋಡೋಣ. ಟ್ರಸ್ಟಿನ ಆದಾಯ 1 ಕೋಟಿ ರೂ., ಎಂದಿನ ಖರ್ಚು 70 ಲಕ್ಷ ರೂ. ಎಂದುಕೊಳ್ಳಿ. ವಿನಿಯೋಗವಾಗಬೇಕಾದ 85 ಲಕ್ಷಕ್ಕೆ 15 ಲಕ್ಷ ಕೊರತೆ. ಅದೇ ವರ್ಷ 16,33,500 ರೂ. ಕೊಟ್ಟು ಘಟಕ ಹಾಕಿಸಿದರೆ ವಿನಿಯೋಗ 86,33,500 ರೂ. ಆಗಿ ಕೊರತೆ ನೀಗುತ್ತದೆ, ತೆರಿಗೆಯೂ ಇಲ್ಲ. ಎಂದಿನ ಖರ್ಚೇ 90 ಲಕ್ಷ ಇರುವ ಟ್ರಸ್ಟಿಗೆ ಈ ಖರ್ಚಿನಿಂದ ತೆರಿಗೆಯಲ್ಲಿ ಹೊಸದಾಗಿ ಉಳಿಯುವುದು ಏನೂ ಇಲ್ಲ. ಅದಕ್ಕೆ ಉಳಿತಾಯ ವಿದ್ಯುತ್ ಬಿಲ್ಲಿನಲ್ಲಿ ಮಾತ್ರ. ನಿಮ್ಮ ಟ್ರಸ್ಟ್ ಇವೆರಡರಲ್ಲಿ ಯಾವುದು ಎಂಬುದು ಹಿಂದಿನ ಆಡಿಟ್ ವರದಿಗಳಲ್ಲೇ ಇದೆ.

ಎಡವುವ ಜಾಗಗಳು ಇಲ್ಲಿ ಹಲವು. ಒಮ್ಮೆ ಬೆಲೆಯನ್ನು ವಿನಿಯೋಗವೆಂದು ತೋರಿಸಿದ ಆಸ್ತಿಯ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಹಳೆಯ ಕಾಯ್ದೆಯ 11(6)ನೇ ಉಪಸೆಕ್ಷನ್ ಈ ಇಮ್ಮಡಿ ಲಾಭವನ್ನು ನಿಲ್ಲಿಸಿತು. ಶೇ. 40ರ ಕರಪತ್ರವನ್ನು ನಂಬಿ ಸವಕಳಿಯನ್ನೂ ಸೇರಿಸಿದ ಲೆಕ್ಕ ಪರಿಶೀಲನೆಯಲ್ಲಿ ಉಳಿಯುವುದಿಲ್ಲ. ಬಿಲ್ಲು ಮಾರ್ಚಿನಲ್ಲಿ ಬಂದು ಹಣ ಮೇ ತಿಂಗಳಲ್ಲಿ ಕೊಟ್ಟರೆ ವಿನಿಯೋಗ ಮುಂದಿನ ವರ್ಷದ್ದು, ಏಕೆಂದರೆ ನಿಜವಾಗಿ ಪಾವತಿಯಾದ ದಿನವೇ ಲೆಕ್ಕ.

ಸಾಲ ತೆಗೆದು ಹಾಕಿಸಿದರೆ? ಸಾಲದ ಹಣದಿಂದ ಕೊಟ್ಟದ್ದು ಆ ವರ್ಷದ ವಿನಿಯೋಗವಲ್ಲ. ಅಸಲನ್ನು ತೀರಿಸಿದ ವರ್ಷ ತೀರಿಸಿದಷ್ಟು ಮಾತ್ರ ವಿನಿಯೋಗ. ಅದಕ್ಕೂ ಮಿತಿಯಿದೆ: ಸಾಲದ ಹಣ ಖರ್ಚಾದ ವರ್ಷದ ಅಂತ್ಯದಿಂದ ಐದು ವರ್ಷಗಳೊಳಗೆ ತೀರಿಸಿದ್ದಕ್ಕಷ್ಟೇ ಈ ಮನ್ನಣೆ. ಏಳು ಅಥವಾ ಹತ್ತು ವರ್ಷಗಳ ಕಂತು ಹಗುರವೆಂದು ಆರಿಸಿಕೊಂಡವರಿಗೆ ಕೊನೆಯ ವರ್ಷಗಳ ಅಸಲಿನ ಕಂತು ವಿನಿಯೋಗದಲ್ಲಿ ಸಿಗುವುದಿಲ್ಲ. ಬ್ಯಾಂಕಿನವರು ಇದನ್ನು ಹೇಳುವುದಿಲ್ಲ, ಹೇಳಬೇಕಾದದ್ದು ಅವರ ಕೆಲಸವೂ ಅಲ್ಲ.

ಮೂಲದಲ್ಲಿ ತೆರಿಗೆ ಕಡಿತ, ಅಂದರೆ ಟಿಡಿಎಸ್, ಇನ್ನೊಂದು ಗುಂಡಿ. ಅಳವಡಿಕೆ ಗುತ್ತಿಗೆಯ ಹಣ ಕೊಡುವಾಗ ಗುತ್ತಿಗೆದಾರ ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಶೇ. 2, ವ್ಯಕ್ತಿಯಾಗಿದ್ದರೆ ಶೇ. 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿದ್ದರೆ ಅದನ್ನು ಬಿಟ್ಟು ಉಳಿದ ಮೊತ್ತಕ್ಕೆ ಹಿಡಿದರೆ ಸಾಕು. ಮೇಲಿನ ಉದಾಹರಣೆಯಲ್ಲಿ 15 ಲಕ್ಷಕ್ಕೆ 30,000 ರೂ. ಹಿಡಿಯದೆ ಬಿಟ್ಟರೆ ಆ ಪಾವತಿಯ ಶೇ. 30 ವಿನಿಯೋಗದಿಂದ ಹೊರಗುಳಿಯುತ್ತದೆ. 15 ಲಕ್ಷದ ಶೇ. 30 ಎಂದರೆ ನಾಲ್ಕೂವರೆ ಲಕ್ಷ, 86,33,500 ರೂ. ಇದ್ದ ವಿನಿಯೋಗ 81,83,500ಕ್ಕೆ ಇಳಿದು, ನೀಗಿದೆ ಎಂದುಕೊಂಡ ಕೊರತೆ ಮತ್ತೆ ತಲೆ ಎತ್ತುತ್ತದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೂ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಕಬ್ಬಿಣದ ಚೌಕಟ್ಟು, ಗಾರೆ ಕೆಲಸ ಎಂದು ಬಿಡಿಬಿಡಿಯಾಗಿ ನಗದು ಕೊಡುವ ಅಭ್ಯಾಸವನ್ನು ಈ ಕೆಲಸದ ಮಟ್ಟಿಗಾದರೂ ನಿಲ್ಲಿಸಿ.

ಈ ವರ್ಷ ಹಣ ಸಾಲದಿದ್ದರೆ ಕೂಡಿಡುವ ದಾರಿಯೂ ಇದೆ. ‘ಶಾಲಾ ಕಟ್ಟಡದ ಮೇಲೆ ಸೌರ ವಿದ್ಯುತ್ ಘಟಕ ಸ್ಥಾಪನೆ’ ಎಂಬ ನಿರ್ದಿಷ್ಟ ಉದ್ದೇಶವನ್ನು ನಿರ್ಣಯದಲ್ಲಿ ಹೆಸರಿಸಿ, ಇಲಾಖೆಗೆ ಅವಧಿಯೊಳಗೆ ನಮೂನೆ ಸಲ್ಲಿಸಿ, ಅನುಮತಿಸಿದ ಹೂಡಿಕೆಗಳಲ್ಲಿಟ್ಟು ಐದು ವರ್ಷಗಳವರೆಗೆ ಕೂಡಿಡಬಹುದು. ‘ಶೈಕ್ಷಣಿಕ ಅಭಿವೃದ್ಧಿಗಾಗಿ’ ಎಂಬಂಥ ಅಸ್ಪಷ್ಟ ಪದಗಳು ತಕರಾರಿಗೆ ದಾರಿ ಮಾಡುತ್ತವೆ.

7. ದಾನಿಗಳಿಗೆ ಮತ್ತು ಕಂಪನಿಗಳಿಗೆ ಸರಿಯಾದ ಮಾತು ಹೇಳಿ

ಹಳೆಯ ವಿದ್ಯಾರ್ಥಿಗಳ ಸಂಘ ಸೌರ ಘಟಕಕ್ಕೆ ಹಣ ಕೂಡಿಸುವುದು ಈಗ ಸಾಮಾನ್ಯವಾಗಿದೆ. ನಿಮ್ಮ ಟ್ರಸ್ಟಿಗೆ 80ಜಿ ಅನುಮೋದನೆ ಇದ್ದರೆ ದಾನಿ ಕೊಟ್ಟ ಮೊತ್ತದ ಶೇ. 50ನ್ನು, ತನ್ನ ಒಟ್ಟು ಆದಾಯದ ಲೆಕ್ಕದಲ್ಲಿ ಶೇ. 10ರ ಮಿತಿಗೆ ಒಳಪಟ್ಟು, ಕಳೆಯಬಹುದು. ಶೇ. 30ರ ತೆರಿಗೆ ಹಂತದಲ್ಲಿರುವ ದಾನಿ 1 ಲಕ್ಷ ರೂ. ಕೊಟ್ಟರೆ ಕಡಿತ 50,000 ರೂ., ಸೆಸ್ ಸೇರಿ ಉಳಿಯುವ ತೆರಿಗೆ 15,600 ರೂ. ಆದರೆ ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ಕಡಿತವಿಲ್ಲ, ಶೇ. 22ರ ರಿಯಾಯಿತಿ ದರ ಆರಿಸಿಕೊಂಡ ಕಂಪನಿಗಳಿಗೂ ಇಲ್ಲ. ಇದನ್ನು ಹೇಳದೆ ಹಣ ಪಡೆದರೆ ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ದಾನಿಗಳ ಫೋನ್ ಬರುತ್ತದೆ.

ವಸ್ತುರೂಪದ ದಾನಕ್ಕೆ 80ಜಿ ಇಲ್ಲ. ತಾವೇ ಫಲಕ ಕೊಂಡು ಶಾಲೆಗೆ ಕಳಿಸುವ ದಾನಿಗೆ ಕಡಿತ ಸಿಗುವುದಿಲ್ಲ. ಅದೇ ಹಣವನ್ನು ಬ್ಯಾಂಕ್ ಮೂಲಕ ಟ್ರಸ್ಟಿಗೆ ಕೊಟ್ಟು, ಟ್ರಸ್ಟ್ ಕೊಂಡರೆ ಸಿಗುತ್ತದೆ. 2,000 ರೂ. ಮೀರಿದ ನಗದು ದಾನಕ್ಕೂ ಇಲ್ಲ. ದಾನಗಳ ವಿವರಪಟ್ಟಿಯನ್ನು ವರ್ಷ ಮುಗಿದ ನಂತರ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕು. ಹಳೆಯ ನಿಯಮಗಳಲ್ಲಿ ಇವು ಫಾರಂ 10ಬಿಡಿ ಮತ್ತು 10ಬಿಇ. ತಡವಾದರೆ ದಿನಕ್ಕೆ 200 ರೂ. ಶುಲ್ಕ.

ದಾನಪತ್ರದ ಒಂದು ಪದವನ್ನು ವಿಶೇಷವಾಗಿ ಗಮನಿಸಿ. ‘ಕಾರ್ಪಸ್’ ಎಂದು ಬರೆದು ಕೊಟ್ಟ ಹಣ ಟ್ರಸ್ಟಿನ ಮೂಲನಿಧಿಗೆ ಸೇರುತ್ತದೆ. ಆ ನಿಧಿಯಿಂದ ಫಲಕ ಕೊಂಡರೆ ಅದು ವಿನಿಯೋಗವೆನಿಸುವುದಿಲ್ಲ. ಆ ಹಣವನ್ನು ಐದು ವರ್ಷಗಳೊಳಗೆ ನಿಧಿಗೆ ಮರಳಿಸಿದಾಗ ಮಾತ್ರ ಎನಿಸುತ್ತದೆ. ಹಾಗಾಗಿ ಘಟಕಕ್ಕೆಂದೇ ಬರುವ ಹಣವನ್ನು ‘ಸೌರ ವಿದ್ಯುತ್ ಘಟಕ ಸ್ಥಾಪನೆಗಾಗಿ ದೇಣಿಗೆ’ ಎಂದಷ್ಟೇ ಬರೆಸಿಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸರಳ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್, ಶಿಕ್ಷಣ ಮತ್ತು ಪರಿಸರ ಎರಡೂ ತಲೆಬರಹಗಳಲ್ಲಿ ಈ ಕೆಲಸಕ್ಕೆ ಒದಗುತ್ತದೆ. ಅದಕ್ಕೆ ನಿಮ್ಮ ಟ್ರಸ್ಟ್ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಸಿಎಸ್‌ಆರ್ ಹಣದಿಂದ ಆದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿಯ ಹೆಸರಿನಲ್ಲಿರಬೇಕು. ಕಂಪನಿಗೆ ಈ ಖರ್ಚು ವ್ಯಾಪಾರದ ವೆಚ್ಚವಾಗಿ ಕಳೆಯಲು ಬರುವುದಿಲ್ಲವೆಂಬುದು ಅವರಿಗೆ ತಿಳಿದೇ ಇರುತ್ತದೆ, ತೆರಿಗೆ ಲಾಭದ ಆಮಿಷ ತೋರಿಸಿ ಅವರ ಬಳಿ ಹೋಗಬೇಡಿ.

8. ತೆರಿಗೆ ಕಟ್ಟುವ ಸಂಸ್ಥೆಯಾಗಿದ್ದರೆ ಸವಕಳಿ ಲೆಕ್ಕ

ಮೂರನೆಯ ಗುಂಪಿನವರಿಗೆ ಇದು. ಸೌರ ಉಪಕರಣಗಳ ಸವಕಳಿ ದರ ಮೊದಲು ಶೇ. 80 ಇದ್ದು, 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಪ್ರತಿವರ್ಷ ಉಳಿದ ಮೌಲ್ಯದ ಮೇಲೆ ಈ ದರ ಹಾಕಬೇಕು. 16,33,500 ರೂ. ಘಟಕಕ್ಕೆ ಮೊದಲ ವರ್ಷ 6,53,400, ಎರಡನೆಯ ವರ್ಷ 3,92,040, ಮೂರನೆಯ ವರ್ಷ 2,35,224 ರೂ.; ಮೂರು ವರ್ಷಗಳಲ್ಲಿ ಒಟ್ಟು ಬೆಲೆಯ ಶೇ. 78ಕ್ಕೂ ಹೆಚ್ಚು ಕಳೆದಿರುತ್ತದೆ. ನಿಮ್ಮ ತೆರಿಗೆ ದರ ಶೇ. 30 ಆದರೆ ಮೊದಲ ವರ್ಷ ಉಳಿಯುವುದು 6,53,400ರ ಶೇ. 30, ಸೆಸ್ ಬಿಟ್ಟು 1,96,020 ರೂ.; ಪೂರ್ತಿ 6,53,400 ಅಲ್ಲ.

ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ದರ ಮಾತ್ರ, ಅಂದರೆ 3,26,700 ರೂ. ಆದ್ದರಿಂದ ಅಕ್ಟೋಬರ್ ಮೊದಲ ದಿನಗಳೊಳಗೆ ಘಟಕ ಚಾಲನೆಗೊಳ್ಳಬೇಕು. ಚಾಲನೆ ಎಂದರೆ ಬಿಲ್ಲಿನ ದಿನಾಂಕವಲ್ಲ, ಫಲಕ ಬಂದು ತಾರಸಿ ಸೇರಿದ ದಿನವೂ ಅಲ್ಲ. ವಿದ್ಯುತ್ ಉತ್ಪಾದನೆ ಆರಂಭವಾದ ದಿನ. ಬೇಸಿಗೆ ರಜೆಯಲ್ಲಿ ಅಳವಡಿಸುವವರಿಗೆ ಈ ಗಡುವು ತೊಂದರೆ ಕೊಡುವುದಿಲ್ಲ. ದಸರಾ ರಜೆಯನ್ನು ನಂಬಿದವರಿಗೆ ಕೊಡುತ್ತದೆ.

9. ಎಸ್ಕಾಂ ಅರ್ಜಿ ಮತ್ತು ಕಡತ

ಅರ್ಜಿಯನ್ನು ನಿಮ್ಮ ಎಸ್ಕಾಂನ ಜಾಲತಾಣದಲ್ಲಿ ಆರ್‌ಆರ್ ನಂಬರಿನೊಂದಿಗೆ ಸಲ್ಲಿಸಬೇಕು. ಸಂಪರ್ಕ ಯಾರ ಹೆಸರಿನಲ್ಲಿದೆ ನೋಡಿ. ತೀರಿಹೋದ ಸ್ಥಾಪಕರ ಹೆಸರಿನಲ್ಲೇ ಬಿಲ್ಲು ಬರುತ್ತಿರುವ ಶಾಲೆಗಳು ಈಗಲೂ ಇವೆ. ಬಿಲ್ಲು, ಗುತ್ತಿಗೆ, ಪಾವತಿ, ನೆಟ್ ಮೀಟರಿಂಗ್ ಒಪ್ಪಂದ ನಾಲ್ಕೂ ಒಂದೇ ಹೆಸರಿನಲ್ಲಿ, ಅಂದರೆ ಆಸ್ತಿ ತನ್ನದೆಂದು ಲೆಕ್ಕದಲ್ಲಿ ತೋರಿಸುವ ಸಂಸ್ಥೆಯ ಹೆಸರಿನಲ್ಲಿ ಇರಬೇಕು. ಹೆಸರು ಬದಲಾವಣೆಗೆ ಸಮಯ ಹಿಡಿಯುವುದರಿಂದ ಕೊಟೇಷನ್ ತರಿಸುವ ಮೊದಲೇ ಇದನ್ನು ಆರಂಭಿಸಿ.

ಘಟಕ ಚಾಲನೆಗೊಂಡ ದಿನದ ಎಸ್ಕಾಂ ವರದಿ, ಅಗತ್ಯವಿದ್ದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ, ಫಲಕ ಮತ್ತು ಇನ್ವರ್ಟರ್‌ಗಳ ಕ್ರಮಸಂಖ್ಯೆಯ ಪಟ್ಟಿ, ಟಿಡಿಎಸ್ ಚಲನ್, ಆಡಳಿತ ಮಂಡಳಿಯ ನಿರ್ಣಯ ಮತ್ತು ಫಲಕಗಳ ಛಾಯಾಚಿತ್ರವನ್ನು ಒಂದು ಕಡತದಲ್ಲಿಡಿ. ದಾನದಿಂದ ಆದ ಘಟಕವಾದರೆ ಸ್ಥಿರಾಸ್ತಿ ವಹಿಯಲ್ಲಿ ಹಾಗೆಂದು ನಮೂದಿಸಿ. ರೆಸ್ಕೋ ಒಪ್ಪಂದ ಮಾಡಿಕೊಂಡವರು ಕಂಪನಿಯ ಫಲಕಗಳನ್ನು ತಮ್ಮ ಆಸ್ತಿ ವಹಿಯಲ್ಲಿ ಸೇರಿಸಬಾರದು. ಮುಂದೆ ಅವಧಿ ಮುಗಿದೋ ಅದಕ್ಕೂ ಮೊದಲೋ ಘಟಕವನ್ನು ಕೊಂಡುಕೊಂಡರೆ, ಕೊಟ್ಟ ಬೆಲೆಯನ್ನು ಆ ವರ್ಷದ ವಿನಿಯೋಗವಾಗಿ ತೋರಿಸಿ ಆಗ ಸೇರಿಸಿಕೊಳ್ಳಿ.